ಡಬ್ಬಿಯ ಮೇಲಿನ ಎರಡನೇ ತಾರೀಖು

ಅಫಜಲಪುರದ ಸಾಬಮ್ಮನಿಗೆ ಮದುವೆಯಲ್ಲಿ ಆಹೇರಿಯಾಗಿ ಬಂದ ಸ್ಟೀಲ್ ಡಬ್ಬಿಗಳು ಐದು. ಒಂದೊಂದರ ಹೊಟ್ಟೆಯ ಮೇಲೂ ಕೊಟ್ಟವರ ಹೆಸರು, ಊರು, ತಾರೀಖು ಚುಕ್ಕಿ ಚುಕ್ಕಿಯಾಗಿ ಕೊರೆದಿದೆ. ಗುರಣ್ಣ, ಕರಜಗಿ, 12-5-1991. ಮಾಳಮ್ಮ, ಹಿರೋಳ್ಳಿ, 12-5-1991. ಹೀಗೇ ಬಸವಂತರಾಯ, ಗುರುಪಾದ, ಕರೀಮುನ್ನಿಸಾ. ಕೊಟ್ಟದ್ದನ್ನು ಯಾರೂ ಮರೆಯಬಾರದೆಂದು ಇವರೆಲ್ಲ ಹೆಸರು ಹಾಕಿಸಿದ್ದರು. ಸಾಬಮ್ಮ ಮರೆಯಲಿಲ್ಲ, ಬಳಸಲೂ ಇಲ್ಲ. ಒಳ್ಳೆಯ ಡಬ್ಬಿಗಳು, ಬಳಸಿದರೆ ಹಾಳಾಗುತ್ತವೆ. ಮೂವತ್ತೈದು ವರ್ಷ ಒಳಕೋಣೆಯ ಮೇಲಿನ ಹಲಗೆಯಲ್ಲಿ ಖಾಲಿ ಕೂತು, ವರ್ಷಕ್ಕೊಮ್ಮೆ ಹುಣಸೆಹಣ್ಣು ಹಚ್ಚಿಸಿಕೊಂಡು ಹೊಳೆಯುವುದೇ ಅವುಗಳ ಉದ್ಯೋಗವಾಗಿತ್ತು.

ಸೊಸೆ ಸೀಮಾಳ ಉದ್ಯೋಗ ಕೇಕ್. ಕಲಬುರಗಿಯಲ್ಲಿ ಹದಿನೈದು ದಿನದ ಕ್ಲಾಸಿಗೆ ಹೋಗಿ ಬಂದವಳು, ಎರಡು ವರ್ಷದಿಂದ ಮನೆಯಲ್ಲೇ ಮಾಡುತ್ತಿದ್ದಾಳೆ. ಕೇಕ್ ಮಾಡುವುದು ಸುಲಭ. ಅದರ ಶೃಂಗಾರದ ಸಾಮಾನು ಕಾಯುವುದು ಕಷ್ಟ ಎಂಬುದು ಅವಳು ಕಲಿತ ಮುಖ್ಯ ಪಾಠ. ಆ ಪಾಠವನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದ್ದಳು. ಕೇಕಿನ ಮೇಲೆ ಹೊದಿಸುವ ಸಕ್ಕರೆ ಹಿಟ್ಟಿನ ಮುದ್ದೆ, ಅಂದರೆ ಫಾಂಡಂಟ್, ಗಾಳಿಯಾಡದಂತೆ ಸುತ್ತಿ ಹೊರಗೇ ಇಡಬೇಕು, ಫ್ರಿಜ್ಜಿನಲ್ಲಿಟ್ಟರೆ ಬೆವರುತ್ತದೆ. ಪಾಕೀಟು ಒಡೆದ ಕ್ರೀಮಿಗೆ ಮೂರು ದಿನ. ಬಣ್ಣದ ಬಾಟಲಿಗೆ ಎರಡು ವರ್ಷ, ಮುಚ್ಚಳ ಸರಿ ಹಾಕಿದರೆ. ಚಾಕೊಲೇಟನ್ನು ಇಂಗಿನ ಹತ್ತಿರ ಇಡಬಾರದು. ಸಕ್ಕರೆಯ ಹೂವಿಗೆ ಹಸಿ ಮತ್ತು ಬೆಳಕು ತಾಗದಿದ್ದರೆ ವರ್ಷಗಟ್ಟಲೆ ಆಯುಷ್ಯ.

ಸಾಬಮ್ಮನಿಗೆ ಓದು ಬರುತ್ತಿರಲಿಲ್ಲ, ಅಂಕಿ ಮಾತ್ರ ಬರುತ್ತಿದ್ದವು. ಆದ್ದರಿಂದ ಗೋಡೆಯ ಹಾಳೆಯಲ್ಲಿ ಅವಳಿಗೆ ಕಂಡದ್ದು ಮೂರು, ಎರಡು ಎಂಬ ಸಣ್ಣ ಸಣ್ಣ ಅಂಕಿಗಳು. ಅವಳು ಬೇವಿನೆಲೆ ಹಾಕಿಟ್ಟ ಜೋಳ ಎರಡು ಸುಗ್ಗಿ ದಾಟಿದ್ದುಂಟು. ಬಡಿದ ಕಡಕ್ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿಟ್ಟರೆ ಅದು ಹಾಳಾಗುವ ಮೊದಲು ಬಟ್ಟೆ ಹರಿಯುತ್ತಿತ್ತು. ತಾರೀಖು ಹಾಕಿಕೊಂಡು ಬಂದ ವಸ್ತು ಹೋಗುವ ತಯಾರಿಯಲ್ಲೇ ಬಂದಿದೆ ಎಂಬುದು ಅವಳ ಖಚಿತ ಅಭಿಪ್ರಾಯ.

"ಮೂರ ದಿನಕ್ಕ ಹೋಗುವಂಥಾದ್ದು ಮನೀಗಿ ಯಾಕ ತರಬೇಕು ಬೇ? ಬೀಗರೂ ಅದಕ್ಕಿಂತ ಹೆಚ್ಚ ಇರ್ತಾರ," ಎನ್ನುತ್ತಿದ್ದಳು.

ಹೋದ ಬೇಸಿಗೆಯಲ್ಲಿ ಅಡುಗೆಮನೆಯಲ್ಲಿಟ್ಟ ಐದು ಬಗೆಯ ಚಾಕೊಲೇಟು ಕರಗಿ ಒಂದೇ ಬಗೆಯಾದ ಮೇಲೆ ಮಾತುಕತೆ ನಡೆದು, ಶಹಾಬಾದ್ ಕಲ್ಲಿನ ತಂಪಾದ ಒಳಕೋಣೆಯಲ್ಲಿ ಸೀಮಾಳಿಗೆ ಒಂದು ಹಲಗೆ ಮಂಜೂರಾಯಿತು. ಸಂಧಾನ ಮಾಡಿದವನು ಸೀಮಾಳ ಗಂಡ ಸೂರ್ಯಕಾಂತ. ಅವನು ಲೈನ್‌ಮನ್. ಊರಿಗೆಲ್ಲ ಕರೆಂಟು ಕೊಟ್ಟು ಮನೆಗೆ ಬಂದಾಗ ಮನೆಯಲ್ಲಿ ಕರೆಂಟು ಇರುತ್ತಿರಲಿಲ್ಲ. ಅದಕ್ಕೇ ಫ್ರಿಜ್ಜಿನ ಮೇಲೆ ಅವನಿಗೂ ನಂಬಿಕೆ ಕಡಿಮೆ.

ಈ ವರ್ಷ ಏಪ್ರಿಲಿನಲ್ಲಿ ಸೀಮಾಳಿಗೆ ದೊಡ್ಡದೊಂದು ಕೆಲಸ ಸಿಗುವ ಹಾಗೆ ಕಂಡಿತು. ಜೇವರ್ಗಿಯ ಒಂದು ಖಾಸಗಿ ಶಾಲೆ ಜೂನ್‌ನಿಂದ ಪ್ರತಿ ತಿಂಗಳು ಮಕ್ಕಳ ಹುಟ್ಟುಹಬ್ಬದ ಕೇಕುಗಳನ್ನು ಅವಳಿಂದಲೇ ತರಿಸುತ್ತೇವೆ ಎಂದಿತು. ಷರತ್ತು ಒಂದೇ: ಆಹಾರ ನೋಂದಣಿಯ ನಂಬರು ಬೇಕು. ಅದಿಲ್ಲದಿದ್ದರೆ ಶಾಲೆ ಬೇರೆಯವರನ್ನು ನೋಡಿಕೊಳ್ಳುತ್ತದೆ. ಸೀಮಾ ಅರ್ಜಿ ಹಾಕಿದಳು. ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಅಧಿಕಾರಿ ಮನೆ ನೋಡಲು ಬರುತ್ತಾರೆ ಎಂದು ಮೆಸೇಜು ಬಂತು. ಈ ಸಲ ತಪ್ಪಿದರೆ ಮತ್ತೆ ಸರದಿ ಬರುವಷ್ಟರಲ್ಲಿ ಶಾಲೆ ಶುರುವಾಗಿರುತ್ತದೆ.

ಅಧಿಕಾರಿ ಬರುವುದಕ್ಕೆ ಮುಂಚೆ ಅವಳು ಆಳಂದಕ್ಕೆ ಹೋಗಲೇಬೇಕಿತ್ತು. ತಂಗಿ ಪಲ್ಲವಿಯ ಕುಬಸ. ಈಗ ಕುಬಸಕ್ಕೂ ಕೇಕು ಬೇಕು. ಹಸಿರು ಬಳೆ ತೊಟ್ಟ ಬಸುರಿ ಹಸಿರು ಕೇಕು ಕತ್ತರಿಸುವುದು ಎರಡು ವರ್ಷದಿಂದ ಹಳೆಯ ಸಂಪ್ರದಾಯವಾಗಿದೆ. ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಕೇಕನ್ನು ತೊಡೆಯ ಮೇಲಿಟ್ಟುಕೊಂಡು ಹೋಗುವಾಗ ಸೀಮಾ ಅತ್ತೆಗೆ ಒಂದೇ ಮಾತು ಹೇಳಿದಳು.

"ಅತ್ತಿ, ಬುಧವಾರ ಸಾಹೇಬ್ರು ಬರ್ತಾರ. ಒಳಕೋಣಿ ಸ್ವಲ್ಪ ನೆಟ್ಟಗ ಇಟ್ಟಿರ್ರಿ."

ನೆಟ್ಟಗೆ ಇಡುವುದೆಂದರೆ ಸಾಬಮ್ಮನ ಲೆಕ್ಕದಲ್ಲಿ ಒಂದೇ ಅರ್ಥ. ಮನೆಗೆ ದೊಡ್ಡವರು ಬರುವಾಗ ಪ್ಲಾಸ್ಟಿಕ್ಕು ಒಳಗೆ ಹೋಗಬೇಕು, ಸ್ಟೀಲು ಹೊರಗೆ ಬರಬೇಕು. ಸೊಸೆಯ ಹಲಗೆ ನೋಡಿದಳು. ಬಿಳಿ ಪುಡಿಗಳು ರಬ್ಬರ್ ಬ್ಯಾಂಡ್ ಹಾಕಿದ ಪಾಕೀಟಿನಲ್ಲಿ, ಮೇಲೆ ಚೀಟಿ ಅಂಟಿಸಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂತಿದ್ದವು. ಮಂದಿ ನೋಡಿದರೆ ಈ ಮನೆಯಲ್ಲಿ ಡಬ್ಬಿಗೂ ಗತಿಯಿಲ್ಲ ಎಂದುಕೊಳ್ಳುತ್ತಾರೆ. ಸಾಬಮ್ಮ ಸ್ಟೂಲು ಹತ್ತಿ ಐದೂ ಮದುವೆ ಡಬ್ಬಿಗಳನ್ನು ಇಳಿಸಿ, ಹುಣಸೆಹಣ್ಣು ಹಚ್ಚಿ ತಿಕ್ಕಿ, ಬಿಸಿಲಲ್ಲಿ ಒಣಗಿಸಿ, ಒಂದೊಂದು ಪುಡಿಯನ್ನು ಒಂದೊಂದಕ್ಕೆ ಸುರಿದಳು. ಮೂವತ್ತೈದು ವರ್ಷದ ಸಂಯಮವನ್ನು ಅವಳು ಸೊಸೆಗಾಗಿ ಮುರಿದಳು. ಚೀಟಿಗಳನ್ನು ಒಲೆಗೆ ಹಾಕಿದಳು. ಪಾಕೀಟುಗಳನ್ನು ಹಾಕಲಿಲ್ಲ, ಏನನ್ನಾದರೂ ತುಂಬಬಹುದಾದ ಚೀಲವನ್ನು ಅವಳು ಜೀವನದಲ್ಲಿ ಒಮ್ಮೆಯೂ ಎಸೆದಿರಲಿಲ್ಲ.

ಬುಧವಾರ ಬಸ್ಸು ತಡವಾಯಿತು. ಸೀಮಾ ಮನೆ ಮುಟ್ಟಿದಾಗ ಬಾಗಿಲ ಮುಂದೆ ಮೋಟಾರ್‌ಸೈಕಲ್ ನಿಂತಿತ್ತು, ಅಧಿಕಾರಿ ಅಜಯಕುಮಾರ ಒಳಗೆ ಕೂತು ಎರಡನೇ ಚಹಾ ಬೇಡ ಎನ್ನುತ್ತಿದ್ದ. ಕಡಿಮೆ ಮಾತಿನ ಮನುಷ್ಯ. ಕಿಸೆಯಲ್ಲಿ ಥರ್ಮಾಮೀಟರು, ಕೈಯಲ್ಲಿ ರಟ್ಟಿಗೆ ಸಿಕ್ಕಿಸಿದ ಫಾರಮ್ಮು.

ಮೊದಲು ಫ್ರಿಜ್ಜು ನೋಡಿದ. ಕ್ರೀಮು, ಅದರ ಮೇಲೆ ಒಡೆದ ದಿನ, ಎಲ್ಲ ಸರಿ. ಗೋಡೆಯ ಹಾಳೆಯನ್ನು ಪೂರ್ತಿ ಓದಿದ. ಫಾರಮ್ಮಿನಲ್ಲಿ ಗುರುತು ಹಾಕಿದ. ಸೀಮಾಳ ಎದೆ ಸ್ವಲ್ಪ ಹಗುರಾಯಿತು.

"ಸಕ್ಕರಿ ಹೂವು ಎಲ್ಲಿಟ್ಟೀರಿ?" ಎಂದ.

ಸೀಮಾ ಹಲಗೆ ನೋಡಿದಳು. ಹೂವಿನ ಪೆಟ್ಟಿಗೆ ಇರಲಿಲ್ಲ.

"ಜ್ವಾಳದಾಗ ಅದಾವ್ರಿ," ಎಂದಳು ಸಾಬಮ್ಮ, ಬಾಗಿಲಿಗೆ ಒರಗಿ. "ಹಸಿ ತಾಗಬಾರ್ದು, ಬೆಳಕ ಬೀಳಬಾರ್ದು ಅಂತ ಈಕಿನೇ ಹೇಳಿದ್ಲು. ಜ್ವಾಳದ ಡ್ರಮ್ಮಿನಾಗ ಹುಗದೀನಿ."

ಅಜಯಕುಮಾರ ತೋಳು ಮಡಚಿ ಜೋಳದಲ್ಲಿ ಮೊಣಕೈವರೆಗೆ ಕೈಹಾಕಿ ಮುಚ್ಚಿದ ಟಿಫಿನ್ ಡಬ್ಬಿ ತೆಗೆದ. ಒಳಗೆ ನಲವತ್ತು ಸಕ್ಕರೆ ಗುಲಾಬಿಗಳು ಇಟ್ಟ ಹಾಗೇ ಇದ್ದವು. ಒಂದನ್ನು ಉಗುರಿನಿಂದ ತಟ್ಟಿದ. ಟಕ್ ಎಂದಿತು. ಡಬ್ಬಿಯನ್ನು ಮತ್ತೆ ಜೋಳದಲ್ಲಿ ಹುಗಿದು, ಕೈ ಝಾಡಿಸಿ, ಫಾರಮ್ಮಿನಲ್ಲಿ ಬರೆದ. ಜೋಳಕ್ಕೆ ಫಾರಮ್ಮಿನಲ್ಲಿ ಜಾಗ ಇರಲಿಲ್ಲವಾದ್ದರಿಂದ ಅಂಚಿನಲ್ಲಿ ಬರೆದ.

ಆಮೇಲೆ ಅವನ ಕಣ್ಣು ಐದು ಡಬ್ಬಿಗಳ ಮೇಲೆ ಬಿತ್ತು. ಅವು ಬಿದ್ದ ಕಣ್ಣನ್ನು ಹಿಡಿಯುವಷ್ಟು ಹೊಳೆಯುತ್ತಿದ್ದವು. ಸೀಮಾಳ ಕಣ್ಣೂ ಅಲ್ಲೇ ಬಿತ್ತು, ಅಲ್ಲೇ ಉಳಿಯಿತು.

ಅಜಯಕುಮಾರ ಮೊದಲ ಡಬ್ಬಿ ಎತ್ತಿ ತಿರುಗಿಸಿ ಓದಿದ. ಮುಚ್ಚಳ ತೆಗೆದ. ಬಿಳಿ ಪುಡಿ. ಅದರ ನಡುವೆ ಎರಡು ಒಣ ಬೇವಿನೆಲೆ.

"ಇದೇನು?"

"ಬೇವ್ರಿ. ನುಸಿ ಬರಂಗಿಲ್ಲ."

"ಎಲಿ ಅಲ್ಲ, ಪುಡಿ. ಇದರ ಮ್ಯಾಲ ಹೆಸರು ಗುರಣ್ಣ ಅಂತದ. ತಾರೀಖು ತೊಂಬತ್ತೊಂದನೇ ಇಸವಿದು."

"ನಮ್ಮ ಕಾಕನ ಮಗ ಅಣ್ಣರಿ. ಕರಜಗಿ. ನನ್ನ ಮದುವಿಗೆ ಕೊಟ್ಟಾನ."

"ಪುಡಿ?"

"ಡಬ್ಬಿರಿ."

ಅವನು ಉಳಿದ ನಾಲ್ಕನ್ನೂ ತೆಗೆದ. ಬಿಳಿ, ಬಿಳಿ, ಬಿಳಿ, ಬಿಳಿ. ಎಲ್ಲವೂ 1991ರವು. ಸೀಮಾ ಒಂದು ಹೆಜ್ಜೆ ಮುಂದೆ ಬಂದಳು.

"ಅತ್ತಿ, ಚೀಟಿ ಎಲ್ಲಿ ಅದಾವ್ರಿ?"

"ಒಲಿಗೆ ಹಾಕ್ದೆ. ಡಬ್ಬಿ ಮ್ಯಾಲ ಮೊದಲs ಇಷ್ಟ ಚಂದ ಬರದದ, ಮತ್ತ ಚೀಟಿ ಯಾಕ?"

ಅಜಯಕುಮಾರ ಪೆನ್ನಿನ ಮುಚ್ಚಳ ಹಾಕಿದ. ಸೀಮಾಳಿಗೆ ಅದು ಒಳ್ಳೆಯ ಲಕ್ಷಣವಾಗಿ ಕಾಣಲಿಲ್ಲ.

"ನೋಡ್ರಿ ಮೇಡಂ, ಗುರುತು ಇಲ್ಲದ್ದು, ತಾರೀಖು ಇಲ್ಲದ್ದು ತಿನ್ನೂದರಾಗ ಹಾಕಂಗಿಲ್ಲ. ಒಗೀಬೇಕು. ನಾನು ಹಂಗ ಬರದ್ರ ಅರ್ಜಿ ವಾಪಸ್ ಹೋಗ್ತದ. ಇನ್ನ ಸರದಿ ಮಳಿಗಾಲಕ್ಕ."

"ನಾ ನೋಡಿ ಹೇಳ್ತೇನಿ ಸರ್, ಯಾವ್ದು ಯಾವ್ದಂತ."

"ನೀವು ಈಗ ನೋಡಿ ಹೇಳಿದ್ರ ಅದು ಗುರುತಲ್ಲ, ಅಂದಾಜು. ತುಂಬಿದವ್ರು ಯಾರು?"

"ನಾನs ತುಂಬೀನಿ," ಎಂದಳು ಸಾಬಮ್ಮ. "ನನಗ ಗೊತ್ತಿಲ್ದ ತುಂಬ್ತೀನೇನ್ರಿ? ಕೇಳ್ರಿ, ಒಂದೊಂದs ಹೇಳ್ತೇನಿ. ತಾರೀಖ ಬೇಕಂದ್ರ ಪಾಕೀಟ ಗಾದಿ ಕೆಳಗ ಅದಾವ."

ಗಾದಿ ಎತ್ತಿದಾಗ ಐದು ಪಾಕೀಟುಗಳು ಇಸ್ತ್ರಿ ಮಾಡಿದಂತೆ ಬಿದ್ದಿದ್ದವು. ಐಸಿಂಗ್ ಸಕ್ಕರೆ, ಕಾರ್ನ್‌ಫ್ಲೋರ್, ಹಾಲಿನ ಪುಡಿ, ಫಾಂಡಂಟಿಗೆ ಬಿಗಿ ಕೊಡುವ ಅಂಟುಪುಡಿ, ಮತ್ತು ಮೆರಂಗ್ ಪುಡಿ. ಕೊನೆಯದು ಮೊಟ್ಟೆಯ ಬಿಳಿಯನ್ನು ಒಣಗಿಸಿದ್ದು ಎಂಬ ಸಂಗತಿಯನ್ನು ಸೀಮಾ ಮೊಟ್ಟೆ ಮುಟ್ಟದ ಈ ಮನೆಯಲ್ಲಿ ಯಾರೂ ಕೇಳದ ಕಾರಣ ಹೇಳಿರಲಿಲ್ಲ. ಅಜಯಕುಮಾರ ಪಾಕೀಟಿನ ಮೇಲಿನ ಮಾಂಸಾಹಾರದ ಕಂದು ಗುರುತನ್ನು ನೋಡಿದ, ಸೀಮಾಳನ್ನು ನೋಡಿದ. ಸೀಮಾ ಸೂರು ನೋಡಿದಳು. ಅವನು ತಾರೀಖನ್ನಷ್ಟೇ ಬರೆದುಕೊಂಡ.

"ಐದೂ ಸರಿ ಹೇಳಿದ್ರ ಗುರುತದ ಅಂತ ಬರೀತೀನಿ," ಎಂದ. ಐದು ಗ್ಲಾಸಿನಲ್ಲಿ ನೀರು ತರಿಸಿ ಸಾಲಾಗಿ ಇಟ್ಟ.

"ಗುರಣ್ಣ," ಎಂದು ಮೊದಲ ಡಬ್ಬಿ ಮುಟ್ಟಿದ.

"ಸಕ್ಕರಿ ಪುಡಿ. ಮಾತು ಭಾಳ ಸಿಹಿರಿ ಅವಂದು. ಆದ್ರ ಸ್ವಲ್ಪ ಗಾಳಿ ತಾಗ್ಲಿ, ಗಂಟು ಹಾಕಿ ಕೂಡ್ತಾನ."

ಅಜಯಕುಮಾರ ಚಿಟಿಕೆ ನಾಲಗೆಗಿಟ್ಟ. ಸಿಹಿ. ಗಂಟೂ ಇದ್ದವು. ಬರೆದುಕೊಂಡ.

"ಬಸವಂತರಾಯ?"

"ಕಾರ್ನ್‌ಫ್ಲೋರ್‌ರಿ. ಎದುರು ಕುಂತ್ರೂ ಕುಂತಾನಂತ ಗೊತ್ತಾಗಂಗಿಲ್ಲ, ರುಚಿ ಇಲ್ಲ ವಾಸನಿ ಇಲ್ಲ. ಆದ್ರ ಲಗ್ನ, ಮುಂಜಿ, ಮಣ್ಣು, ಅವನಿಲ್ದ ಒಂದೂ ಕೆಲಸ ಆಗಂಗಿಲ್ಲ."

ಗ್ಲಾಸಿನಲ್ಲಿ ಪುಡಿ ಸದ್ದಿಲ್ಲದೆ ತಳಕ್ಕೆ ಕೂತಿತು. ಕಾರ್ನ್‌ಫ್ಲೋರೇ.

"ಕರೀಮುನ್ನಿಸಾ?"

"ನನ್ನ ಗೆಣತಿ. ಮನಸು ಬೆಳ್ಳಗ. ಎರಡs ಮಾತು ಹೊಗಳಿದ್ರ ಒಂದಕ್ಕ ನಾಕು ಉಬ್ಬತಾಳ. ಅದು ಮೆರಂಗು."

ಚಮಚದಿಂದ ಬಡಿದಾಗ ಗ್ಲಾಸಿನಲ್ಲಿ ನೊರೆ ಎದ್ದು ಅಂಚಿಗೆ ಬಂತು. ಅಜಯಕುಮಾರನ ಮುಖದಲ್ಲಿ ಏನೂ ಬದಲಾಗಲಿಲ್ಲ, ಆದರೆ ಅವನು ಕುರ್ಚಿಯನ್ನು ಸ್ವಲ್ಪ ಮುಂದೆ ಎಳೆದುಕೊಂಡ. ಸೀಮಾ ಆಳಂದದಿಂದ ತಂದ ಚೀಲವನ್ನು ಇನ್ನೂ ಕೆಳಗಿಟ್ಟಿರಲಿಲ್ಲ.

"ಮಾಳಮ್ಮ, ಹಿರೋಳ್ಳಿ?"

"ಅಂಟುಪುಡಿ," ಎಂದಳು ಸಾಬಮ್ಮ ಯೋಚನೆಯಿಲ್ಲದೆ. "ನನ್ನ ನಾದಿನಿ. ಬಂದ್ಲಂದ್ರ ಬಿಡಂಗಿಲ್ಲರಿ. ಹೋದ ವರ್ಷ ಎರಡ ದಿನಕ್ಕಂತ ಬಂದಾಕಿ, ಬಟ್ಟಿ ಹಳೇವು ಆದ್ವಂತ ಇಲ್ಲೇ ಹೊಸಾವು ಹೊಲಿಸಿಕೊಂಡ್ಲು."

"ಹಂಗಾದ್ರ ಗುರುಪಾದ ಹಾಲಿನ ಪುಡಿ."

"ಹೌದ್ರಿ. ಎಮ್ಮಿ ಕಟ್ಯಾನ, ಬಾಜೂ ಮನಿ. ನಿನ್ನಿ ಗಿಣ್ಣ ಕಳಿಸಿದ್ದ."

ಅಜಯಕುಮಾರ ಮಾಳಮ್ಮನ ಪುಡಿಯನ್ನು ನಾಲ್ಕನೇ ಗ್ಲಾಸಿಗೆ ಹಾಕಿ ತಿರುಗಿಸಿದ. ಅಂಟುಪುಡಿಯಾದರೆ ನೀರು ಲೋಳೆಯಾಗಿ ಚಮಚ ಹಿಡಿಯಬೇಕು. ಚಮಚ ಸಲೀಸಾಗಿ ತಿರುಗಿತು. ನೀರು ಬೆಳ್ಳಗಾಯಿತು. ಹಾಲು.

ಗುರುಪಾದನನ್ನು ಐದನೆಯದಕ್ಕೆ ಹಾಕಿದ. ಚಮಚ ನಿಂತಲ್ಲೇ ನಿಂತಿತು. ಎತ್ತಿದರೆ ಗ್ಲಾಸೂ ಜೊತೆಗೆ ಎದ್ದಿತು.

ಸೀಮಾ ಚೀಲ ಕೆಳಗಿಟ್ಟಳು. ಜೇವರ್ಗಿಯ ಮಕ್ಕಳು ಯಾರದೋ ಕೇಕಿನ ಮೇಲಿನ ಮೇಣದಬತ್ತಿ ಊದುವುದು ಅವಳಿಗೆ ಕಾಣಿಸಿತು.

"ತಪ್ಪಾತಲ್ರಿ ಅಮ್ಮಾರ," ಎಂದ ಅಜಯಕುಮಾರ.

"ತಪ್ಪಾಗಂಗಿಲ್ಲ," ಎಂದಳು ಸಾಬಮ್ಮ. ಅವಳು ಗ್ಲಾಸುಗಳನ್ನು ನೋಡುತ್ತಾ ನಿಂತಳು. "ತಡೀರಿ. ತುಂಬಿದ್ದು ಯಾವತ್ತು? ಸೋಮವಾರ ಮಧ್ಯಾಹ್ನ. ಸೋಮವಾರ ಮುಂಜಾನಿ ಮಾಳಮ್ಮ ಬಸ್ಸಿನ್ಯಾಗ ಎರಡ ಸೇರ ಶೇಂಗಾ ಕಳಿಸಿದ್ಲು. ನನಗ ಆಕಿ ಮ್ಯಾಲ ಭಾಳ ಪ್ರೀತಿ ಬಂದಿತ್ತು. ಆವಾಗ ಆಕಿ ಹಾಲು. ಸಂಜಿಕ ಫೋನ್ ಮಾಡಿ, ಮುಂದಿನ ತಿಂಗಳ ಬರ್ತೇನಿ, ಒಂದ ತಿಂಗಳ ಇರ್ತೇನಿ ಅಂದ್ಲು. ಆವಾಗಿಂದ ಅಂಟು."

"ಗುರುಪಾದ?"

"ಸೋಮವಾರ ಮುಂಜಾನಿ ನಿಚ್ಚಣಿಕಿ ಕೇಳಾಕ ಬಂದಾವ ಮಧ್ಯಾಹ್ನ ಒಂದರ ತನಕ ಕುಂತಿದ್ದ. ನಾ ಡಬ್ಬಿ ತಿಕ್ಕಾಕತ್ತಿದ್ದೆ, ಅವ ಏಳವಲ್ಲ. ಮಂಗಳವಾರ ಗಿಣ್ಣ ಕಳಿಸಿದ ಮ್ಯಾಲ ಹಾಲಾದ." ಸಾಬಮ್ಮ ಸೆರಗು ಸರಿಮಾಡಿಕೊಂಡಳು. "ಡಬ್ಬಿ ಸರಿ ಅದಾವ್ರಿ ಸಾಹೇಬ್ರ. ಮಂದಿ ಬದಲಾಗ್ಯಾರ."

ಅಜಯಕುಮಾರ ಫಾರಮ್ಮು ನೋಡಿದ. ಹತ್ತು ವರ್ಷದ ನೌಕರಿಯಲ್ಲಿ ಅವನು ಇಲಿಗೆ, ಜಿರಲೆಗೆ, ಹರಿದ ಸೊಳ್ಳೆ ಜಾಲರಿಗೆ ಮಾತು ಹುಡುಕಿ ಬರೆದಿದ್ದ. ಈಗ ಪೆನ್ನಿನ ಮುಚ್ಚಳ ತೆಗೆದ.

"ನಿಮ್ಮ ಗುರುತು ಖರೇ ಅದ ಅಮ್ಮಾರ," ಎಂದ. "ಆದ್ರ ಅದರ ಬಾಳಿಕಿ ಭಾಳ ಕಡಿಮಿ. ಒಂದs ದಿನ."

ಎರಡು ಗ್ಲಾಸಿನ ಹೆಸರು ಅದಲು ಬದಲು ಮಾಡಿ ಬರೆದುಕೊಂಡು, ಕೆಳಗೆ ಷರತ್ತು ಹಾಕಿದ. ಏಳು ದಿನದೊಳಗೆ ಪ್ರತಿ ಡಬ್ಬಿಯ ಮೇಲೆ ಒಳಗಿನ ವಸ್ತುವಿನ ಹೆಸರು ಮತ್ತು ಅವಧಿ ಮುಗಿಯುವ ತಾರೀಖು ಅಳಿಸಿಹೋಗದಂತೆ ಹಾಕಿರಬೇಕು. ಫೋಟೋ ಕಳಿಸಬೇಕು. ಫೋಟೋ ಸರಿಯಿದ್ದರೆ ನಂಬರು ಬರುತ್ತದೆ.

"ಅಳಸಬಾರ್ದು ಅಂದ್ರೇನ್ರಿ?" ಎಂದು ಕೇಳಿದಳು ಸಾಬಮ್ಮ.

"ನೀರು ಬಿದ್ರೂ, ತಿಕ್ಕಿದ್ರೂ ಹೋಗಬಾರ್ದು."

"ಅಷ್ಟs ಅಲ್ರಿ?" ಎಂದಳು. ಅದಕ್ಕೆ ಈ ಊರಲ್ಲಿ ಒಂದೇ ದಾರಿ ಇರುವುದು ಅವಳಿಗೆ ಗೊತ್ತಿತ್ತು.

ಮರುದಿನ ಸೀಮಾ ಸ್ಟಿಕ್ಕರು ತರಲು ಅಂಗಡಿಗೆ ಹೋದಾಗ, ಸಾಬಮ್ಮ ಪುಡಿಗಳನ್ನು ತಟ್ಟೆಗಳಿಗೆ ಸುರಿದು ಮುಚ್ಚಿಟ್ಟು, ತಟ್ಟೆಯ ಪಕ್ಕ ಅದರದರ ಪಾಕೀಟು ಇಟ್ಟು, ಸ್ಟಿಕ್ಕರಿಗೆಂದು ಸೀಮಾ ಬರೆದಿಟ್ಟಿದ್ದ ಹೆಸರು-ತಾರೀಖುಗಳ ಪಟ್ಟಿಯನ್ನೂ ಐದು ಡಬ್ಬಿಗಳನ್ನೂ ಚೀಲದಲ್ಲಿ ಹಾಕಿಕೊಂಡು ಬಜಾರಿನ ಪಾತ್ರೆ ಅಂಗಡಿಗೆ ನಡೆದಳು. ಅಲ್ಲಿ ಹೆಸರು ಕೊರೆಯುವವನು ಅರ್ಬಾಜ. ಮಷೀನು ಹಿಡಿದೇ ಕೇಳಿದ.

"ಯಾರ ಮದುವಿ ಖಾಲಾ?"

"ಮದುವಿ ಅಲ್ಲೋ. ಕಾರ್ನ್‌ಫ್ಲೋರ್."

ಅರ್ಬಾಜ ಇಂಥ ಹೆಸರಿನ ಬೀಗರನ್ನು ಕೇಳಿರಲಿಲ್ಲ, ಆದರೆ ಗಿರಾಕಿಯ ಮನೆತನ ವಿಚಾರಿಸುವುದು ಅವನ ಕೆಲಸವಲ್ಲ. ವಸ್ತುವಿನ ಹೆಸರು ಉದ್ದವಾದ್ದರಿಂದ ಅದನ್ನು ಮುಚ್ಚಳದ ಮೇಲೆ ಕೊರೆದ. ತಾರೀಖಿಗೆ ಡಬ್ಬಿಯ ಹೊಟ್ಟೆಯ ಮೇಲೆ ಜಾಗ ಇತ್ತು, ಹಳೆಯ ತಾರೀಖಿನ ಸರಿಯಾಗಿ ಕೆಳಗೆ. ಅಲ್ಲಿ ಕೊರೆದ.

ಸೀಮಾ ಸ್ಟಿಕ್ಕರು ಹಿಡಿದು ಬಂದಾಗ ಕೆಲಸ ಮುಗಿದಿತ್ತು. ಅವಳು ಡಬ್ಬಿಗಳನ್ನು ನೋಡಿದಳು.

"ಅತ್ತಿ, ಪುಡಿ ಮುಗಿದ ಮ್ಯಾಲ ಹೊಸಾದು ತಂದ್ರ ತಾರೀಖು ಬ್ಯಾರೇ ಇರ್ತದಲ್ರಿ."

"ಅದರ ಕೆಳಗ ಇನ್ನೊಂದ ಹಾಕಸೂಣು. ಜಾಗ ಅದ ಅಲ್ಲಾ?"

ಫೋಟೋ ಹೋಯಿತು. ನಾಲ್ಕನೇ ದಿನ ನಂಬರು ಬಂತು. ಜೇವರ್ಗಿಯ ಶಾಲೆ ಜೂನ್‌ನ ಪಟ್ಟಿ ಕಳಿಸಿತು, ಹನ್ನೊಂದು ಮಕ್ಕಳು. ಸೂರ್ಯಕಾಂತ ಅವತ್ತು ಕಂಬದಿಂದ ಇಳಿದು ಸೀದಾ ಮನೆಗೆ ಬಂದು ಸಂತೋಷದಿಂದ ಫ್ರಿಜ್ಜು ತೆರೆದ. ಕರೆಂಟು ಇರಲಿಲ್ಲ.

ಆ ವಾರದ ಕೊನೆಗೆ ಕರಜಗಿಯಿಂದ ಗುರಣ್ಣ ಬಂದ. ಅರವತ್ತರ ಮನುಷ್ಯ, ಬಿಳಿ ಧೋತರ, ಸಿಹಿ ಮಾತು. ಸೊನ್ನದ ಬ್ಯಾರೇಜಿನ ಕಡೆ ಕೆಲಸವಿತ್ತು, ಹಾಗೇ ತಂಗಿಯನ್ನು ನೋಡಿ ಹೋಗೋಣವೆಂದು ಬಂದೆ ಎಂದ. ಬಿಸಿಲಿಗೆ ಬೆಂದು ಬಂದವನನ್ನು ತಂಪಾದ ಒಳಕೋಣೆಯಲ್ಲೇ ಕೂರಿಸಿದರು. ಸೀಮಾ ಐಸಿಂಗ್ ಸಕ್ಕರೆ ಜರಡಿ ಹಿಡಿಯುತ್ತಿದ್ದಳು. ಚಹಾ ಊದುತ್ತಾ ಅವನು ಎದುರಿನ ಡಬ್ಬಿ ನೋಡಿದ. ತನ್ನ ಹೆಸರು ಕಂಡು ಹಿಗ್ಗಿದ.

"ಸಾಬವ್ವ, ನನ್ನ ಡಬ್ಬಿ ಇನ್ನs ಇಟ್ಟೀಯಲಾ."

ಹತ್ತಿರ ಹೋಗಿ ಓದಿದ.

ಗುರಣ್ಣ
ಕರಜಗಿ
12-5-1991
30-9-2026

ಚಹಾ ಕೆಳಗಿಟ್ಟ. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದ. ಬಸ್‌ಸ್ಟ್ಯಾಂಡಿನ ಶ್ರದ್ಧಾಂಜಲಿ ಬ್ಯಾನರುಗಳಲ್ಲಿ ಎರಡು ತಾರೀಖು ಹೇಗೆ ಒಂದರ ಕೆಳಗೊಂದು ಇರುತ್ತವೆಂದು ಅವನಿಗೆ ಗೊತ್ತಿತ್ತು.

"ಮೂವತ್ತೈದಕ್ಕ ಹೋದ್ನಲಾ ನಾ," ಎಂದ. "ಭಾಳ ಸಣ್ಣ ವಯಸ್ಸು."

"ಇನ್ನೂ ಹೋಗಿಲ್ಲ ತಗೋ ಅಣ್ಣಾ," ಎಂದಳು ಸಾಬಮ್ಮ. "ಸಪ್ಟೆಂಬರಕ್ಕ."

"ಅದು ಸಕ್ಕರಿದು ಮಾವಾ," ಎಂದಳು ಸೀಮಾ. "ಸರ್ಕಾರದವ್ರು ಹಾಕ್ಸು ಅಂದ್ರು."

"ಸರ್ಕಾರದವ್ರಿಗೂ ಗೊತ್ತಾಗ್ಯದ?"

ಗುರಣ್ಣ ಉಳಿದ ಡಬ್ಬಿಗಳ ಕಡೆ ಸರಿದ. ಒಂದೊಂದನ್ನೂ ಕುತ್ತಿಗೆ ಓರೆ ಮಾಡಿ ಓದಿದ. ಮಾಳಮ್ಮ, 15-8-2026.

"ಮಾಳಮ್ಮ ನನಗಿಂತ ಮೊದಲ."

"ಆಕಿ ಹಾಲು ಮಾವಾ. ಒಡದ ಮ್ಯಾಲ ಜಾಸ್ತಿ ಇರಂಗಿಲ್ಲ."

ಸ್ವಲ್ಪ ಸಮಾಧಾನವಾದಂತೆ ಕಂಡಿತು. ಬಸವಂತರಾಯನಿಗೆ ಮುಂದಿನ ವರ್ಷ, ಕರೀಮುನ್ನಿಸಾಗೂ ಮುಂದಿನ ವರ್ಷ. ಗುರುಪಾದನ ಮುಂದೆ ಅವನು ನಿಂತುಬಿಟ್ಟ. 31-3-2028.

"ಈ ಬಾಜೂ ಮನಿ ಗುರುಪಾದಗ ಎರಡ ವರ್ಷ? ಕುಂತಲ್ಲಿಂದ ಏಳಲಾರದಾವಗ?"

"ಅದಕ್ಕs," ಎಂದಳು ಸಾಬಮ್ಮ.

ಗುರಣ್ಣ ಮತ್ತೆ ಬಂದು ಕೂತ. ಚಹಾ ತಣ್ಣಗಾಗಿತ್ತು, ಕುಡಿದ. ತಂಗಿಯ ಯೋಗಕ್ಷೇಮ ಕೇಳಿದ, ಸೊಸೆಯ ವ್ಯಾಪಾರ ಕೇಳಿದ, ಜೇವರ್ಗಿ ಶಾಲೆಯ ವಿಷಯ ಕೇಳಿ ಒಳ್ಳೇದಾತು ಎಂದ. ಮಾತು ಎಲ್ಲವೂ ಸಿಹಿಯಾಗಿಯೇ ಇತ್ತು. ಎದ್ದು ಚಪ್ಪಲಿ ಮೆಟ್ಟುವಾಗ ಮಾತ್ರ ತಡೆದು ಕೇಳಿದ.

"ಸೀಮಾ, ಈ ಸಕ್ಕರಿ ಪುಡಿ ತಾರೀಖ ದಾಟಿದ ಮ್ಯಾಲೂ ಇರ್ತದೇನವಾ?"

ಸೀಮಾ ಗೋಡೆಯ ಹಾಳೆಯನ್ನು ನೋಡಲಿಲ್ಲ. ಅದು ಅವಳಿಗೆ ಬಾಯಿಪಾಠ.

"ಇರ್ತದ್ರಿ ಮಾವಾ. ಹಸಿ ತಾಗಬಾರ್ದು, ಗಾಳಿ ಆಡಬಾರ್ದು, ಬಿಸಲಾಗ ಇರಬಾರ್ದು. ಹಂಗಿದ್ರ ಭಾಳ ದಿನ ಕೆಡಂಗಿಲ್ಲ. ಆದ್ರ ನಾ ತಾರೀಖ ದಾಟಿದ್ದು ಹಾಕಂಗಿಲ್ಲ."

ಗುರಣ್ಣ ತಲೆಯಾಡಿಸಿದ. ಮೆಟ್ಟಿದ ಚಪ್ಪಲಿ ಬಿಟ್ಟು ಮತ್ತೆ ಒಳಕೋಣೆಗೆ ಬಂದ. ಜರಡಿಯ ಪಕ್ಕ ತೆರೆದಿದ್ದ ತನ್ನ ಡಬ್ಬಿಗೆ ಮುಚ್ಚಳ ಹಾಕಿ, ಎರಡೂ ಅಂಗೈಯಿಂದ ಒತ್ತಿ ಬಿಗಿ ಮಾಡಿದ. ಕಿಟಕಿಯಿಂದ ಬಿಸಿಲಿನ ಒಂದು ಪಟ್ಟಿ ಹಲಗೆಯ ಮೇಲೆ ಬೀಳುತ್ತಿತ್ತು. ಗುರುಪಾದನನ್ನು ಎತ್ತಿ ಆ ಬಿಸಿಲಿಗೆ ಇಟ್ಟ. ಗುರುಪಾದ ಇದ್ದ ನೆರಳಿನ ಮೂಲೆಗೆ ತನ್ನ ಡಬ್ಬಿಯನ್ನು ತಳ್ಳಿ, ಬಸ್ಸಿಗೆ ಹೊತ್ತಾಯಿತೆಂದು ಹೊರಟ.